ಬೀದಿಗೆಲ್ಲ ಒಂದೇ ಬಚ್ಚಲು

ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ನನಗೊಂದು ಮಾತು ಕೊಟ್ಟಿದ್ದರು. ಆಗ ನಾನು ಬಚ್ಚಲಿನ ಒಳಗಿದ್ದೆ, ಅವರು ಹೊರಗಿದ್ದರು, ನಡುವೆ ಬಾಗಿಲಿತ್ತು, ನನ್ನ ಕಣ್ಣಿನಲ್ಲಿ ಸೋಪಿತ್ತು. ಮೊದಲು ಮಾವನವರು ಬಾಗಿಲು ತಟ್ಟಿ ಗಡ್ಡ ಹೆರೆಯುವ ಬ್ರಷ್ ಕೇಳಿದರು. ಅದನ್ನು ಸಂದಿಯಿಂದ ಕೊಟ್ಟು ಮುಗಿಸುವಷ್ಟರಲ್ಲಿ ಅತ್ತೆ ತಟ್ಟಿ, ನೀರೆಲ್ಲ ಖಾಲಿ ಮಾಡಬೇಡ ಎಂದರು. ಆಮೇಲೆ ಮೈದುನ ಏನೂ ಹೇಳದೆ ಸುಮ್ಮನೆ ತಟ್ಟುತ್ತಲೇ ಇದ್ದ. ತಟ್ಟುವ ರೀತಿಯಲ್ಲೇ ಸಂಗತಿ ಎಷ್ಟು ತುರ್ತಿನದು ಎಂದು ತಿಳಿಯುತ್ತಿತ್ತು. ಅರ್ಧ ಒದ್ದೆ, ಅರ್ಧ ನೊರೆಯಾಗಿ ನಿಂತಿದ್ದ ನಾನು ಅಳತೊಡಗಿದೆ. ಆಗ ಇವರು ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದರು:

"ಅಳಬೇಡ. ಒಂದಲ್ಲ ಒಂದು ದಿನ ನಿನಗೇ ಅಂತ ಒಂದು ಬಚ್ಚಲು ಕಟ್ಟಿಸಿಕೊಡ್ತೀನಿ. ನೀನು ಒಳಗಿದ್ದಾಗ ಅದರ ಬಾಗಿಲನ್ನ ಯಾರೂ ತಟ್ಟಲ್ಲ. ಇದು ನನ್ನ ಮಾತು."

ಮಾತು ಕೊಟ್ಟ ಮೇಲೆ ಅವರೂ ಒಮ್ಮೆ ತಟ್ಟಿದರು. ಟವೆಲ್ ಬೇಕಿತ್ತಂತೆ.

ಆಮೇಲೆ ಎಷ್ಟೋ ವರ್ಷ ಕಳೆದವು. ಮಾವ ತೀರಿಕೊಂಡರು, ಮೈದುನ ಬೇರೆ ಮನೆ ಮಾಡಿದ. ಅವರಿಬ್ಬರಿಂದ ತೆರವಾದ ಬಚ್ಚಲಿನ ವೇಳೆಯನ್ನೆಲ್ಲ ನನ್ನ ಮಗಳು ಒಬ್ಬಳೇ, ಒಂದು ಕನ್ನಡಿಯ ಸಹಾಯದಿಂದ ತುಂಬಿದಳು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಅಲ್ಲಿ ಇಡೀ ದಿನ ಜನ ಗಾಜು ತಟ್ಟುತ್ತಾರೆ. ಮನೆಗೆ ಬಂದರೆ ಬಾಗಿಲು ತಟ್ಟುತ್ತಾರೆ. ಸ್ನಾನ ಎಂದರೆ ಮೈಮೇಲೆ ನೀರು ಸುರಿದುಕೊಳ್ಳುತ್ತ "ಬಂದೆ, ಬಂದೆ" ಎಂದು ಕೂಗುವ ಕೆಲಸ ಎಂದೇ ನಾನು ತಿಳಿದಿದ್ದೆ.

ನಮ್ಮವರು ದೊಡ್ಡ ಸೇತುವೆಗಳನ್ನು ಕಟ್ಟುವ ಕಂಪನಿಯ ಯೋಜನಾ ವಿಭಾಗದಲ್ಲಿದ್ದಾರೆ. ಯೋಜನೆ ಹಾಕುವವರು ಬೇರೆ. ಅವರು ಹಾಕಿದ್ದನ್ನು ದೊಡ್ಡ ಹಾಳೆಯ ಮೇಲೆ ಬಣ್ಣದ ಪಟ್ಟಿಗಳಾಗಿ ಬರೆದು ಗೋಡೆಗೆ ಅಂಟಿಸುವುದು ಇವರ ಪಾಲಿನ ಕೆಲಸ. ಆದರೆ ಬಣ್ಣ ತುಂಬಿ ತುಂಬಿ, ಸೇತುವೆ ಮೇಲೇಳುತ್ತಿರುವುದೇ ತಮ್ಮ ಪೆನ್ಸಿಲ್ಲಿನಿಂದ ಎಂಬ ನಂಬಿಕೆ ಅವರಿಗೆ ಬಂದುಬಿಟ್ಟಿದೆ. ಮನೆಯಲ್ಲೂ ಯಾರು ಏನು ಮಾಡಹೊರಟರೂ, "ಇದು ಯಾವಾಗ ಮುಗಿಯುತ್ತೆ, ತಾರೀಕು ಹೇಳಿ" ಎಂದು ಕೇಳುತ್ತಾರೆ. ಹೀಗೆ ಅವರು ತಮ್ಮ ತಾಯಿಯ ಕೆಮ್ಮಿಗೂ ತಾರೀಕು ಕೇಳಿದ್ದುಂಟು.

ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಕಾಲಕ್ಕೆ, ಒಂದೇ ಅಚ್ಚಿನಲ್ಲಿ ಕಟ್ಟಿದವು. ಮನೆಗೊಂದೇ ಬಚ್ಚಲು, ಸ್ನಾನ ಶೌಚ ಎರಡಕ್ಕೂ ಅದೇ. ಒಟ್ಟಿಗೆ ಹುಟ್ಟಿದ್ದರಿಂದ ಒಟ್ಟಿಗೇ ಮುದಿಯಾದವು. ಒಂದೇ ವರ್ಷ ಎಲ್ಲರ ಮನೆಯ ನೆಲವೂ ಸೋರತೊಡಗಿತು, ಎಲ್ಲರ ಗೋಡೆಯೂ ಒಸರತೊಡಗಿತು. ಎಲ್ಲರಿಗೂ ಬಚ್ಚಲು ಒಡೆದು ಹೊಸದಾಗಿ ಕಟ್ಟಿಸಬೇಕಿತ್ತು. ನಮ್ಮ ಮನೆಯದನ್ನು ಮಾತ್ರ ಮಾವನವರು ತೀರಿಕೊಂಡ ಹೊಸದರಲ್ಲಿ ನಾವು ಅಷ್ಟಿಷ್ಟು ತೇಪೆ ಹಾಕಿಸಿದ್ದರಿಂದ ಅದು ಹೇಗೋ ನಿಂತಿತ್ತು. ನಮಗೆ ಬೇಕಿದ್ದುದು ಹಿತ್ತಲ ಓಣಿಯಲ್ಲಿ ಎರಡನೆಯದು, ಅಂದರೆ ನನ್ನದು.

ಕೆಲಸ ಬೀದಿ ತುಂಬ ಇತ್ತು, ಮೇಸ್ತ್ರಿ ಮಾತ್ರ ಒಬ್ಬನೇ. ಬೇರೆ ಮೇಸ್ತ್ರಿಗಳು ಊರಲ್ಲಿ ಇಲ್ಲವೆಂದಲ್ಲ. ಆದರೆ ನೀರು ನಿಲ್ಲದ ಹಾಗೆ ನೆಲಕ್ಕೆ ಇಳಿಜಾರು ಕೊಡುವುದು ಅವನಿಗೊಬ್ಬನಿಗೇ ಗೊತ್ತು ಎಂದು ಇಡೀ ಬೀದಿ ತೀರ್ಮಾನ ಮಾಡಿಬಿಟ್ಟಿತ್ತು. ಅವನು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಪ್ರತಿಯೊಂದು ಮನೆಗೂ ಹೋಗಿ, ಗೋಡೆಯನ್ನೊಮ್ಮೆ ಬೆರಳಿನಿಂದ ಕುಟ್ಟಿ, ಬರುವಾಗ ಗುರುತಿಗೆ ಒಂದು ಸಾಮಾನು ಬಿಟ್ಟು ಬರುತ್ತಿದ್ದ. ಹೆಡ್‌ಮೇಷ್ಟ್ರ ಮನೆಯಲ್ಲಿ ಗಾರೆ ಮೆತ್ತುವ ಅವನ ಕರಣೆ, ನರ್ಸಮ್ಮನ ಮನೆಯಲ್ಲಿ ರಸಮಟ್ಟ, ಟೈಲರಣ್ಣನ ಮನೆಯಲ್ಲಿ ತೂಗುಗುಂಡು, ನಮ್ಮ ಮನೆಯಲ್ಲಿ ಒಂದು ಹಳೇ ಚಪ್ಪಲಿ. "ಸಾಮಾನು ಇಲ್ಲೇ ಬಿಟ್ಟಿದ್ದೀನಲ್ಲಕ್ಕ, ಬರದೆ ಎಲ್ಲಿಗೆ ಹೋಗ್ತೀನಿ" ಎನ್ನುತ್ತಿದ್ದ. ಎಲ್ಲರ ಮನೆಯಲ್ಲೂ ಒಂದೊಂದು ಸಾಮಾನು ಇದ್ದುದರಿಂದ ಅವನ ಕೈಯಲ್ಲಿ ಕೆಲಸ ಮಾಡುವುದಕ್ಕೆ ಏನೂ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ನರ್ಸಮ್ಮ ಕರಣೆಯನ್ನು ತನ್ನ ಮನೆಗೆ ತರಲು ಹೋದಾಗ ಹೆಡ್‌ಮೇಷ್ಟ್ರು ಅದರ ಮೇಲೆ ಕುಳಿತುಬಿಟ್ಟರು. ಮೇಷ್ಟ್ರು ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಬೀದಿಯೇ ತಮ್ಮ ಶಾಲೆ ಎಂಬ ಭಾವನೆಯವರು. ಜಗಳ ಜೋರಾಯಿತು. ಎಲ್ಲರೂ ಅವರ ವರಾಂಡದಲ್ಲಿ ಸೇರಿದರು. ನಮ್ಮವರೂ ಹೋದರು, ಹಿಂದೆಯೇ ನಾನೂ ಹೋದೆ. ಹೋಗಬಾರದಿತ್ತು ಎಂದಲ್ಲ. ಅವರ ಅಂಗಿಯನ್ನಾದರೂ ಹಿಡಿದು ಎಳೆಯಬೇಕಿತ್ತು.

"ತಪ್ಪು ಮೇಸ್ತ್ರೀದಲ್ಲ," ಎಂದರು ನಮ್ಮವರು ಎದ್ದು ನಿಂತು. "ತಪ್ಪು ನಮ್ಮ ಅನುಕ್ರಮದ್ದು."

ಬೀದಿ ತೆಪ್ಪಗಾಯಿತು. ಅನುಕ್ರಮ ಎಂಬ ಪದವನ್ನು ಆ ವರಾಂಡದಲ್ಲಿ ಹೆಡ್‌ಮೇಷ್ಟ್ರನ್ನು ಬಿಟ್ಟು ಬೇರೆಯವರು ಹಿಂದೆಂದೂ ಬಳಸಿರಲಿಲ್ಲ.

"ನಮ್ಮ ಸೇತುವೆ ಕೆಲಸದಲ್ಲಿ ಕಂಬಗಳು ಹತ್ತಾರು, ಕ್ರೇನು ಒಂದೇ. ಒಂದು ಕಂಬ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಅಂತ ಕೂತ್ಕೊಂಡ್ರೆ ಮೊಮ್ಮಕ್ಕಳ ಕಾಲಕ್ಕೂ ಸೇತುವೆ ಏಳಲ್ಲ. ಏನ್ಮಾಡ್ತೀವಿ? ಮೊದಲು ಎಲ್ಲಾ ಕಂಬಕ್ಕೂ ಗುಂಡಿ. ಆಮೇಲೆ ಎಲ್ಲಾ ಕಂಬಕ್ಕೂ ಕಬ್ಬಿಣ. ಆಮೇಲೆ ಎಲ್ಲಾದಕ್ಕೂ ಕಾಂಕ್ರೀಟು. ಯಂತ್ರ ಖಾಲಿ ನಿಲ್ಲಬಾರದು, ಆಳು ಖಾಲಿ ಕೂರಬಾರದು. ಇಷ್ಟೇ ಗುಟ್ಟು."

"ಅಂದ್ರೆ?" ಎಂದ ಟೈಲರಣ್ಣ.

"ನೀವು ಅಂಗಿ ಹೊಲಿಯೋವಾಗ ಒಂದೊಂದು ಅಂಗಿಗೂ ಬೇರೆ ಬೇರೆ ಸಲ ಕತ್ತರಿ ಹಿಡೀತೀರಾ?"

"ಇಲ್ಲಪ್ಪ. ಎಲ್ಲಾ ಒಟ್ಟಿಗೆ ಕತ್ತರಿಸಿ ಇಟ್ಕೋತೀನಿ."

"ಹಾಗೇ. ಬೀದೀದೆಲ್ಲ ಒಟ್ಟಿಗೆ ಒಡೆಯೋದು. ಒಡೆಯೋ ಮಿಷಿನ್ನು ಒಂದ್ಸಲ ಬಂದ್ರೆ ಸಾಕು. ಆಮೇಲೆ ಎಲ್ಲರಿಗೂ ಪೈಪು, ಎಲ್ಲರಿಗೂ ಗಿಲಾವು, ಎಲ್ಲರಿಗೂ ಟೈಲ್ಸು. ನಮ್ಮನೇದು ಹೊಸದಾಗಿ ಕಟ್ಟೋದು, ಉದ್ದದ ಕೆಲಸ, ಅದು ಕೊನೇಲಿ ಇರಲಿ. ಮೊದಲು ನಮ್ಮನೇದೇ ಮಾಡಿಸ್ಕೊಂಡ್ರೆ ಜನ ಏನಂದಾರು."

ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟ್ರು ಕರಣೆಯ ಮೇಲಿಂದ ಎದ್ದು ಅದನ್ನು ತಾವಾಗಿಯೇ ಮೇಸ್ತ್ರಿಯ ಕೈಗೆ ಕೊಟ್ಟರು.

ನಮ್ಮವರು ಆಫೀಸಿನಿಂದ ದೊಡ್ಡ ಹಾಳೆ ತಂದರು. ಮನೆಗೊಂದು ಸಾಲು, ಕೆಲಸಕ್ಕೊಂದು ಬಣ್ಣ. ಹೆಡ್‌ಮೇಷ್ಟ್ರ ಸಾಲಿಗೆ ಮಾತ್ರ ಕೆಂಪು ಬಳಿದರು. ಯಾವ ಕೆಲಸ ತಡವಾದರೆ ಉಳಿದದ್ದೆಲ್ಲ ತಡವಾಗುತ್ತದೋ ಅದಕ್ಕೆ ಕೆಂಪು, ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂಬುದು ಸೇತುವೆಯವರ ನಿಯಮವಂತೆ. ಮೇಷ್ಟ್ರು ಯಾವುದನ್ನೂ ಬೇಗ ಆರಿಸುವವರಲ್ಲ ಎಂದು ಇವರು ಮುಂದಾಲೋಚನೆ ಮಾಡಿದ್ದರು. ಆದರೆ ಮೇಷ್ಟ್ರು ಅದನ್ನು ಬಹುಮಾನ ಎಂದು ತಿಳಿದರು. "ನೋಡಿದ್ರಾ, ನನ್ನೊಬ್ಬನಿಗೇ ಕೆಂಪು" ಎಂದು ಹೋಗಿಬರುವವರಿಗೆಲ್ಲ ತೋರಿಸಿದರು. ಚಾರ್ಟು ಬೀದಿಯ ಮೊದಲ ಗೋಡೆಯ ಮೇಲೆ ಏರಿತು. ಅಂದಿನಿಂದ ನಮ್ಮವರಿಗೆ ಬೀದಿಯಲ್ಲಿ ಚಾರ್ಟಪ್ಪ ಎಂದು ಹೆಸರಾಯಿತು. ಅವರು ಅದನ್ನೂ ಬಹುಮಾನ ಎಂದೇ ತಿಳಿದರು.

ಒಡೆಯುವ ಮಿಷಿನ್ನಿನವನು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದ. ಇದೇ ನಮಗೆ ಅಪಶಕುನವಾಗಿ ಕಾಣಬೇಕಿತ್ತು. ಬೆಳಗ್ಗೆ ಬೀದಿಯ ಆ ತುದಿಯಲ್ಲಿ ಗರಗರ ಎಂದು ಶುರುವಾದ ಸದ್ದು ಸಂಜೆಯೊಳಗೆ ಈ ತುದಿ ಮುಟ್ಟಿತು. ಒಂದೊಂದು ಮನೆಯಿಂದಲೂ ಧೂಳು ಹೊರಬಂದಂತೆ ನಮ್ಮವರು ಓಡಿ ಹೋಗಿ ಚಾರ್ಟಿನಲ್ಲಿ ನೀಲಿ ಬಣ್ಣ ತುಂಬಿದರು. ಮುಖದ ಮೇಲೆ ಮದುವೆಯ ದಿನವೂ ಕಾಣದ ಕಳೆ. "ಒಂದು ನಿಮಿಷ ಕೂಡ ಮಿಷಿನ್ನು ಖಾಲಿ ನಿಂತಿಲ್ಲ ಕಣೇ. ಸೇತುವೆಯಲ್ಲೂ ಹೀಗೆ ನಡೆದಿಲ್ಲ" ಎಂದರು.

ಮಿಷಿನ್ನು ಹೋಯಿತು. ಬೀದಿ ನಿಶ್ಶಬ್ದವಾಯಿತು. ಆಗ ನಾನು ನಮ್ಮ ಮೆಟ್ಟಿಲ ಮೇಲೆ ನಿಂತು ಕಂಡ ದೃಶ್ಯವನ್ನು ಇಂದಿಗೂ ಮರೆತಿಲ್ಲ.

ಹೆಡ್‌ಮೇಷ್ಟ್ರು ಹೆಗಲ ಮೇಲೆ ಟವೆಲ್, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು, ಮೈತುಂಬ ಸಿಮೆಂಟಿನ ಧೂಳಿನಲ್ಲಿ ಮನೆಯಿಂದ ಇಳಿದು ನರ್ಸಮ್ಮನ ಮನೆಯ ಕಡೆ ಹೊರಟರು. ಅದೇ ಹೊತ್ತಿಗೆ ನರ್ಸಮ್ಮ ಬಕೆಟ್ಟಿನಲ್ಲಿ ಬಟ್ಟೆ ಹಾಕಿಕೊಂಡು ಟೈಲರಣ್ಣನ ಮನೆಯ ಕಡೆ ಹೊರಟಳು. ಟೈಲರಣ್ಣ ಹೆಂಡತಿ ಮಕ್ಕಳನ್ನು ಸಾಲಾಗಿ ಹಿಂದಿಟ್ಟುಕೊಂಡು ಹೆಡ್‌ಮೇಷ್ಟ್ರ ಮನೆಯ ಕಡೆ ಹೊರಟಿದ್ದ. ಅವರ ಹಿಂದೆ ಉಳಿದ ಮನೆಗಳವರು, ಎಲ್ಲರ ಹೆಗಲ ಮೇಲೂ ಟವೆಲ್. ಬೀದಿಯ ನಟ್ಟನಡುವೆ ಎಲ್ಲರೂ ಎದುರುಬದುರಾದರು.

"ಎಲ್ಲಿಗಮ್ಮ ಹೊರಟೆ?" ಎಂದರು ಮೇಷ್ಟ್ರು.

"ಟೈಲರಣ್ಣನ ಮನೆಗೆ, ಒಂದೆರಡು ತಂಬಿಗೆ ಸುರಿದುಕೊಂಡು ಬರೋಣ ಅಂತ. ನೀವೆಲ್ಲಿಗೆ ಮೇಷ್ಟ್ರೇ?"

"ನಿನ್ನ ಮನೆಗೆ."

"ನನ್ನ ಮನೇದು ಒಡೆದುಹೋಗಿದೆಯಲ್ಲ."

"ನಿನ್ನದೂನಾ?"

"ನೀವೇ ಅಲ್ವಾ ಚಪ್ಪಾಳೆ ತಟ್ಟಿದ್ದು?"

ಮೇಷ್ಟ್ರು ನಿಧಾನವಾಗಿ ಟೈಲರಣ್ಣನ ಕಡೆ ತಿರುಗಿದರು. ಟೈಲರಣ್ಣ ಅವರನ್ನು ನೋಡುತ್ತಿರಲಿಲ್ಲ. ಅವರ ಮನೆಯ ಬಾಗಿಲಲ್ಲಿ ರಾಶಿ ಬಿದ್ದಿದ್ದ ಒಡೆದ ಇಟ್ಟಿಗೆಯನ್ನು, ಅದರ ತುದಿಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಕಮೋಡಿನ ಅರ್ಧವನ್ನು ನೋಡುತ್ತಿದ್ದ. ಅವನ ಕೈಯಿಂದ ಸೋಪು ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಪ್ರತಿಯೊಬ್ಬರೂ ತಮ್ಮ ಮನೆಯದು ಮುಗಿಯುವ ತನಕ ಪಕ್ಕದ ಮನೆಯದನ್ನು ಬಳಸುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಪಕ್ಕದ ಮನೆಯೂ ಅದೇ ಚಾರ್ಟಿನಲ್ಲಿದೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ನಮ್ಮ ಬಚ್ಚಲಿನಿಂದ ಮಗಳು ಹಾಡು ಗುನುಗುತ್ತ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಇಡೀ ಬೀದಿಯ ತಲೆಗಳು ಒಂದೇ ಬಾರಿಗೆ ನಮ್ಮ ಮನೆಯ ಕಡೆ ತಿರುಗಿದವು. ನಾನು ಒಂದು ಮೆಟ್ಟಿಲು ಹಿಂದೆ ಸರಿದೆ.

"ಚಾರ್ಟಪ್ಪನ ಮನೇದು ಒಡೆದಿಲ್ಲ," ಎಂದ ಯಾರೋ ಮೆಲ್ಲಗೆ.

ಮಾರನೆಯ ಬೆಳಗ್ಗೆ ನಾನು ಎದ್ದಾಗ ನಮ್ಮ ಮನೆಯ ಮುಂದೆ ಸಾಲು ನಿಂತಿತ್ತು. ಅತ್ತೆ ಆಗಲೇ ಬಚ್ಚಲಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಷ್ಟು ವರ್ಷ ನನ್ನ ಮೇಲೆ ನಡೆಸಿದ ತಾಲೀಮನ್ನು ಅವರೀಗ ಇಡೀ ಬೀದಿಯ ಮೇಲೆ ಪ್ರಯೋಗಿಸುತ್ತಿದ್ದರು. "ಟೈಲರಣ್ಣ, ಎಷ್ಟು ಹೊತ್ತು? ಮೈ ತೊಳೀತಿದ್ದೀಯೋ, ಮೈ ಹೊಲೀತಿದ್ದೀಯೋ?" ಎಂದು ಬಾಗಿಲು ತಟ್ಟಿದರು. ಅವರು ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

ಜಗಳವಾಗದಿರಲಿ ಎಂದು ನಮ್ಮವರು ಎರಡನೆಯ ಚಾರ್ಟು ಬರೆದರು. ಬಚ್ಚಲು ಒಂದು, ಜನ ಬಹಳ, ಯಾರು ಯಾವಾಗ ಒಳಗೆ, ಯಾವಾಗ ಹೊರಗೆ. ನಾನು ಅದರಲ್ಲಿ ಮೇಲಿಂದ ಕೆಳಗೆ ನನ್ನನ್ನು ಹುಡುಕಿದೆ. ಅತ್ತೆ ಇದ್ದರು, ಮಗಳು ಇದ್ದಳು, ಮೇಷ್ಟ್ರ ಮನೆಗೆ ಬಂದಿದ್ದ ಅವರ ಷಡ್ಡಕನೂ ಇದ್ದ.

"ರೀ, ನಾನೆಲ್ಲಿದ್ದೀನಿ?"

"ಎಲ್ಲಿ ಅಂದ್ರೆ?"

"ಇದರಲ್ಲಿ."

ಅವರು ಹಾಳೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಳೆಯನ್ನು ನೋಡಿದರು. ಮುಖದ ಬಣ್ಣ ಇಳಿಯಿತು. ಆದರೆ ಯೋಜನಾ ವಿಭಾಗದವರು ತಪ್ಪು ಒಪ್ಪಿಕೊಳ್ಳುವುದಿಲ್ಲ. "ನೀನು ಬಳಸೋವಳಲ್ಲವಲ್ಲ," ಎಂದರು ಗಂಭೀರವಾಗಿ. "ನೀನು ಯೋಜನೆ ಕಡೆಯವಳು. ಎಲ್ಲಿ ಜಾಗ ಖಾಲಿ ಆಗುತ್ತೋ ಅಲ್ಲಿ ನೀನು."

ಜಾಗ ಖಾಲಿಯಾಗಲೇ ಇಲ್ಲ. ನಾನು ಅಂಚೆ ಕಚೇರಿಯ ಕೈತೊಳೆಯುವ ತೊಟ್ಟಿಯಲ್ಲಿ ಮುಖ ಕುತ್ತಿಗೆ ತೊಳೆದುಕೊಂಡು ಕೌಂಟರಿಗೆ ಕೂರತೊಡಗಿದೆ. ಪಕ್ಕದ ಕೌಂಟರಿನವಳು ದಿನಕ್ಕಿಷ್ಟು ಎಂದು ಕುರ್ಚಿಯನ್ನು ಆಚೆ ಸರಿಸಿ ಸರಿಸಿ, ಕೊನೆಗೆ ಪಾರ್ಸೆಲ್ ವಿಭಾಗಕ್ಕೆ ಹೋಗಿ ಸೇರಿದಳು. ಎಲ್ಲ ಕೆಲಸ ಬೇಗ ಮುಗಿದರೆ ಸಾಕು ಎಂದು ಕಾಯುವುದೊಂದೇ ನನಗುಳಿದ ದಾರಿಯಾಗಿತ್ತು.

ಆದರೆ ಮೇಸ್ತ್ರಿ ಕೆಟ್ಟುಹೋಗಿದ್ದ. ಅಂದರೆ, ತೀರಾ ಒಳ್ಳೆಯವನಾಗಿಬಿಟ್ಟಿದ್ದ. ಹುಟ್ಟಿದಾಗಿನಿಂದ ಅವನನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಚಾರ್ಟಿನಲ್ಲಿ ತನ್ನ ಕೆಲಸಕ್ಕೆ ಇಷ್ಟೊಂದು ಬಣ್ಣ ಕಂಡಮೇಲೆ ಅವನು ಬೆಳಗ್ಗೆ ಅದರ ಮುಂದೆ ನಿಂತು, ಓದಿ, ತಲೆಯಾಡಿಸಿ, ಆಮೇಲೆ ಕೆಲಸಕ್ಕೆ ಇಳಿಯುತ್ತಿದ್ದ. ಪೈಪು ಎಲ್ಲರಿಗೂ ಆಯಿತು, ಗಿಲಾವು ಎಲ್ಲರಿಗೂ ಆಯಿತು. ಟೈಲ್ಸಿಗೆ ಬಂದು ನಿಂತಿತು. ಮೇಷ್ಟ್ರು ಇನ್ನೂ ಟೈಲ್ಸ್ ಆರಿಸಿರಲಿಲ್ಲ.

"ಮೇಷ್ಟ್ರು ಆಮೇಲೆ ಆರಿಸ್ಕೊಳ್ಳಲಿ. ನಂದು ಬಂದಿದೆ, ನಂದು ಹಾಕು," ಎಂದಳು ನರ್ಸಮ್ಮ.

"ಹಾಗೆಲ್ಲ ಆಗಲ್ಲಮ್ಮ. ಕೆಂಪು ಮೊದಲು. ಚಾರ್ಟು ಬಿಟ್ಟು ಒಂದು ಟೈಲ್ ಹಾಕಲ್ಲ ನಾನು."

"ಎಷ್ಟು ವರ್ಷ ಚಾರ್ಟಿಲ್ಲದೆ ಹಾಕಿದೆಯಲ್ಲಪ್ಪ?"

"ಆಗ ನಾನು ಅನಾಗರಿಕ," ಎಂದ ಮೇಸ್ತ್ರಿ, ಕರಣೆ ಒರೆಸುತ್ತ.

ಬೀದಿಯೆಲ್ಲ ಮೇಷ್ಟ್ರ ವರಾಂಡಕ್ಕೆ ಹೋಯಿತು. ಅಲ್ಲಿ ಟೈಲ್ಸಿನ ಮಾದರಿಗಳನ್ನು ಗೋಡೆಗೆ ಒರಗಿಸಿ, ಮೇಷ್ಟ್ರು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ತಿಳಿ ಹಸಿರು ಕಣ್ಣಿಗೆ ತಂಪು," ಎಂದರು. "ಆದ್ರೆ ನೀಲಿಗೆ ಒಂದು ಶಿಸ್ತಿದೆ."

"ಮೇಷ್ಟ್ರೇ, ಯಾವುದಾದ್ರೂ ಒಂದು ಹೇಳಿಬಿಡಿ."

"ಕೆಂಪು ಗೆರೆ ನನ್ನ ತಲೆ ಮೇಲಿದೆ. ಇಡೀ ಬೀದಿಯ ಭಾರ ಹೊತ್ತವನು ಅವಸರ ಮಾಡೋ ಹಾಗಿಲ್ಲ."

ಈ ನಡುವೆ ಯಾರೋ ಪುಣ್ಯಾತ್ಮರು ನಗರಸಭೆಗೆ ದೂರು ಕೊಟ್ಟರು. ಆರೋಗ್ಯ ನಿರೀಕ್ಷಕರು ಬಂದಾಗ ಸಾಲು ಮೆಟ್ಟಿಲು ದಾಟಿ ಬೀದಿಗಿಳಿದಿತ್ತು. ಅವರು ಬಾಯಿ ತೆರೆದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ವಾಸದ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಸ್ನಾನಗೃಹ ನಡೆಸ್ತಿದ್ದೀರಂತೆ?"

"ಛೆ, ನಡೆಸೋದು ಅಂದ್ರೇನು ಸ್ವಾಮಿ," ಎಂದರು ನಮ್ಮವರು ನೊಂದುಕೊಂಡು. "ವ್ಯವಸ್ಥಿತವಾಗಿ ನಡೆಸ್ತಿದ್ದೀವಿ. ನೋಡಿ." ಎಂದು ಒಳಗೆ ಓಡಿ ಚಾರ್ಟು ತಂದು ಅವರ ಕೈಗೇ ಕೊಟ್ಟರು.

ನಿರೀಕ್ಷಕರು ಅದನ್ನು ಮೇಲಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ನನ್ನ ಸರ್ವಿಸಿನಲ್ಲಿ ಇಂಥ ಸಾಕ್ಷಿ ನನಗೆ ಯಾರೂ ತಾವಾಗಿ ಕೊಟ್ಟಿಲ್ಲ," ಎಂದರು.

ಆಗ ಅತ್ತೆ ಕುರ್ಚಿಯಿಂದ ಎದ್ದರು. "ಸಾರ್ವಜನಿಕ ಅಂದೋರು ಯಾರಪ್ಪ? ಇವರೆಲ್ಲ ನಮ್ಮ ನೆಂಟರು. ಒಳಗೆ ಸ್ನಾನ ಮಾಡ್ತಿರೋ ಮೇಷ್ಟ್ರು ನನ್ನ ಖಾಸಾ ತಮ್ಮ. ಇವಳು ನನ್ನ ಸೊಸೆಯ ಅಕ್ಕ, ನರ್ಸು. ಅವನು ನನ್ನ ಸೋದರಳಿಯ, ಬಟ್ಟೆ ಹೊಲೀತಾನೆ."

"ಇಷ್ಟು ಜನ ನೆಂಟರು ಒಂದೇ ಬೀದೀಲಿ?"

"ನಮ್ಮದು ಅನ್ಯೋನ್ಯವಾದ ಕುಟುಂಬ."

"ಅಕ್ಕ, ಬಿಸಿನೀರು ಸಾಲ್ದು, ಇನ್ನೊಂದು ಬಕೆಟ್ ಕಳಿಸು," ಎಂದು ಹೆಡ್‌ಮೇಷ್ಟ್ರು ಒಳಗಿನಿಂದ ಕೂಗಿದರು. ನೆಂಟಸ್ತಿಕೆಗೆ ಇದಕ್ಕಿಂತ ಬೇರೆ ದಾಖಲೆ ಬೇಕಿರಲಿಲ್ಲ. ನಿರೀಕ್ಷಕರು ಚಾರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು, ಮತ್ತೆ ಬರುತ್ತೇನೆ ಎಂದು ಹೇಳಿ, ಹಿಂದಿರುಗಿ ನೋಡುತ್ತ ನೋಡುತ್ತ ಹೋದರು.

ಇಡೀ ಬೀದಿ ಮಿಂದರೆ ನಮ್ಮ ಬಡ ಬಚ್ಚಲು ಎಷ್ಟು ದಿನ ತಡೆದೀತು? ಒಂದು ಬೆಳಗ್ಗೆ ಟೈಲರಣ್ಣ ಒಳಗಿದ್ದಾಗ ದಡಾರ್ ಎಂಬ ಸದ್ದಾಯಿತು. ಆಮೇಲೆ ಅವನ ದನಿ, ಬಹಳ ಸಣ್ಣಗೆ: "ಅಮ್ಮಾ, ನನ್ನ ಕಾಲು ಎಲ್ಲಿಗೋ ಹೋಯ್ತು."

ಬಾಗಿಲು ಮುರಿದು ನೋಡಿದರೆ ನೆಲ ಕುಸಿದು, ಅವನ ಒಂದು ಕಾಲು ಮಂಡಿಯ ತನಕ ಒಳಗಿಳಿದಿತ್ತು. ಅವನು ಟವೆಲ್ ಒಂದನ್ನು ಎರಡು ಕೈಗಳಿಂದ ಹಿಡಿದು, ಯಾರ ಮುಖವನ್ನೂ ನೋಡದೆ ನಿಂತಿದ್ದ. ಅವನನ್ನು ಎಳೆದು ತೆಗೆದ ಮೇಲೆ, ಒಡೆಯುವ ಮಿಷಿನ್ನಿನವನು ಬಂದು ನಮ್ಮದನ್ನೂ ಒಡೆದು ಹೋದ. ನಮ್ಮವರಿಗೆ ಓಡಿ ಹೋಗಿ ನೀಲಿ ಬಣ್ಣ ತುಂಬುವ ಉತ್ಸಾಹ ಇರಲಿಲ್ಲ.

ಈಗ ಬೀದಿಯಲ್ಲಿ ಒಂದೂ ಬಚ್ಚಲಿರಲಿಲ್ಲ. ಜನ ದೂರದ ಬಸ್ ನಿಲ್ದಾಣದ ಶೌಚಾಲಯಕ್ಕೆ, ಪ್ರಯಾಣಿಕರ ಹಾಗೆ ಕಾಣಲೆಂದು ಕೈಯಲ್ಲಿ ಚೀಲ ಹಿಡಿದು ಹೋಗುತ್ತಿದ್ದರು. ಅಲ್ಲಿನ ಕಾವಲುಗಾರ ಹೆಡ್‌ಮೇಷ್ಟ್ರನ್ನು "ದಿನಾ ಯಾವೂರಿಗೆ ಹೋಗ್ತೀರಿ ಸ್ವಾಮಿ?" ಎಂದು ಕೇಳಿದನಂತೆ. ನಮ್ಮವರನ್ನು ಕಂಡರೆ ಯಾರೂ ಮಾತಾಡುತ್ತಿರಲಿಲ್ಲ. ಬೈದಿದ್ದರಾದರೂ ತಡೆದುಕೊಳ್ಳಬಹುದಿತ್ತು. ಮಗಳು ಸಹ "ಅಪ್ಪ, ನಮ್ಮದು ಯಾವ ತಾರೀಕಿಗೆ ಮುಗಿಯುತ್ತೆ?" ಎಂದು ಕೇಳಿದಾಗ ಅವರು ಸೂರು ನೋಡಿದರು.

ನಾನು ಕಚೇರಿಯಿಂದ ಬರುತ್ತ ಬೀದಿಯ ಮೊದಲ ಗೋಡೆಯ ಮುಂದೆ ನಿಂತೆ. ಚಾರ್ಟಿನ ಕೆಳಗೆ, ಎಲ್ಲರ ಸಾಲು ಮುಗಿದ ಮೇಲೆ, ನಮ್ಮ ಮನೆಯ ಸಾಲು ಇತ್ತು. ಅದರಲ್ಲಿ ಹೊಸ ಬಚ್ಚಲು ಎಂದು ತೆಳ್ಳಗೆ ಪೆನ್ಸಿಲ್ಲಿನಲ್ಲಿ ಬರೆದು, ಬಣ್ಣ ತುಂಬದೆ ಬಿಟ್ಟಿದ್ದರು. ಅಂಚೆ ಕಚೇರಿಯವರ ಚೀಲದಲ್ಲಿ ಕೆಂಪು ಪೆನ್ಸಿಲ್ ಇಲ್ಲದ ದಿನವಿಲ್ಲ. ನಾನು ಆ ಸಾಲಿಗೆ ಈ ತುದಿಯಿಂದ ಆ ತುದಿಗೆ ಕೆಂಪು ಬಳಿದೆ. ಮೇಷ್ಟ್ರ ಕೆಂಪಿಗಿಂತ ದಪ್ಪಗೆ ಬಳಿದೆ. ಸುತ್ತ ಯಾರಿದ್ದಾರೆ ಎಂದು ತಿರುಗಿ ನೋಡಲಿಲ್ಲ.

ಮಾರನೆಯ ಬೆಳಗ್ಗೆ ಮೇಸ್ತ್ರಿ ಎಂದಿನಂತೆ ಚಾರ್ಟಿನ ಮುಂದೆ ನಿಂತ, ಓದಿದ, ತಲೆಯಾಡಿಸಿದ. ಕರಣೆ, ರಸಮಟ್ಟ, ತೂಗುಗುಂಡು ಎಲ್ಲ ಹೊತ್ತುಕೊಂಡು ನೇರವಾಗಿ ನಮ್ಮ ಹಿತ್ತಲ ಓಣಿಗೆ ಬಂದು ಪಾಯದ ಅಳತೆಗೆ ದಾರ ಕಟ್ಟತೊಡಗಿದ.

"ಏನಯ್ಯ ಇದು? ಯಾರು ಹೇಳಿದ್ದು ನಿನಗೆ?" ಎಂದರು ನಮ್ಮವರು ಬೆಚ್ಚಿಬಿದ್ದು.

"ಕೆಂಪಿದೆ ಸ್ವಾಮಿ."

ನಮ್ಮವರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಗೋಡೆಯ ತನಕ ಓಡಿದರು. ವಾಪಸ್ಸು ಬರುವಾಗ ಓಡಲಿಲ್ಲ, ನಡೆದುಕೊಂಡು ಬಂದರು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. "ನನ್ನ ಚಾರ್ಟಿಗೆ ನೀನು ಕೈ ಹಾಕಿದೆಯಾ?"

"ಹೂಂ."

"ಯೋಜನಾ ವಿಭಾಗದ ಒಪ್ಪಿಗೆ ಇಲ್ಲದೆ?"

"ರೀ, ನಾನು ನೆಟ್ಟಗೆ ಸ್ನಾನ ಮಾಡಿ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ?"

ಅವರು ಹಿತ್ತಲಿಗೆ ಹೋಗಿ ಮೇಸ್ತ್ರಿಗೆ ಇಟ್ಟಿಗೆ ಎತ್ತಿಕೊಡತೊಡಗಿದರು. ಅವರು ಇಟ್ಟಿಗೆ ಮುಟ್ಟಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಸೇತುವೆ ಕಂಪನಿಯವರೂ ಕಂಡಿರಲಾರರು.

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಕೆಂಡವಾಗಿ ಬಂದರು. "ಚಾರ್ಟಪ್ಪನವರೇ, ಕೆಂಪು ಇನ್ನೊಬ್ಬರಿಗೂ ಕೊಟ್ಟಿದ್ದೀರಂತೆ? ಹೀಗೆ ಕಂಡಕಂಡವರಿಗೆಲ್ಲ ಕೊಡೋ ಹಾಗಿದ್ರೆ ಅದಕ್ಕೇನು ಬೆಲೆ? ನನಗೆ ನಿಮ್ಮ ಕೆಂಪೇ ಬೇಡ. ಹಸಿರು ಟೈಲ್ಸು. ಇವತ್ತೇ. ಬರ್ಕೊಳ್ಳಿ."

ನರ್ಸಮ್ಮ ಬೇಲಿಯಾಚೆ ನಿಂತು ಇದನ್ನು ಕೇಳಿ, ಕೈಯಲ್ಲಿದ್ದ ಬಕೆಟ್ ಬೋರಲಿಟ್ಟು ಅದರ ಮೇಲೇ ಕುಳಿತುಬಿಟ್ಟಳು.

ನಮ್ಮ ಹಿತ್ತಲ ಬಚ್ಚಲು ಎಲ್ಲರದ್ದಕ್ಕಿಂತ ಮೊದಲು ಮುಗಿಯಿತು. ಚಿಕ್ಕದು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ನಲ್ಲಿಯ ಕೆಳಗೆ ಬಕೆಟ್, ಮೇಲೆ ಅಂಗೈಯಗಲದ ಕಿಟಕಿ, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಕಬ್ಬಿಣದ ಚಿಲಕ. ನೀರು ಬಿಟ್ಟು ನೋಡುವ ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಓಣಿಯ ತುಂಬ ಜನ ಸೇರಿದ್ದರು. ಎಲ್ಲರ ಹೆಗಲ ಮೇಲೂ ಟವೆಲ್. ಅತ್ತೆ ಕುರ್ಚಿ ತಂದು ಹಾಕಿಕೊಂಡಾಗಿತ್ತು. ಮಗಳು ಕನ್ನಡಿ ಹಿಡಿದು ನಿಂತಿದ್ದಳು. ಮೇಷ್ಟ್ರು ನೆಂಟಸ್ತಿಕೆಯ ಹಕ್ಕಿನಿಂದ ಸಾಲಿನಲ್ಲಿ ಮೊದಲು ನಿಂತಿದ್ದರು.

ನಾನು ಚೀಲವನ್ನು ಅತ್ತೆಯ ಮಡಿಲಲ್ಲಿಟ್ಟೆ. ಮಗಳ ಹೆಗಲಿನಿಂದ ಟವೆಲ್ ಎಳೆದುಕೊಂಡೆ. "ಸ್ವಲ್ಪ ಸರೀರಿ ಮೇಷ್ಟ್ರೇ" ಎಂದೆ. ಅವರು ಸರಿದರು. ಒಳಗೆ ಹೋಗಿ ಚಿಲಕ ಹಾಕಿದೆ.

ಹೊರಗೆ ಗುಸುಗುಸು ಎದ್ದಿತು. ಅತ್ತೆಯ ಬಳೆ ಬಾಗಿಲಿನ ಹತ್ತಿರ ಬಂದ ಸದ್ದು ಕೇಳಿಸಿತು. ಆಗ ನಮ್ಮವರ ದನಿ:

"ಅಮ್ಮ, ಕೈ ತೆಗಿ. ಮುಟ್ಟಬೇಡ ಬಾಗಿಲನ್ನ."

"ಏನೋ ಇದು, ಜನ ಎಲ್ಲ ಕಾಯ್ತಾ ನಿಂತಿದ್ದಾರೆ."

"ಕಾಯಲಿ."

"ಎಷ್ಟು ಹೊತ್ತು ಅಂತ ಕಾಯೋದು ಚಾರ್ಟಪ್ಪನವರೇ?" ಇದು ಟೈಲರಣ್ಣ. "ಹೊತ್ತಾದ್ರೂ ಹೇಳಿ. ಎಲ್ಲದಕ್ಕೂ ಹೇಳ್ತೀರಲ್ಲ."

ನಾನು ನಲ್ಲಿ ತಿರುಗಿಸಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದೆ.

"ಹೇಳೋಕಾಗಲ್ಲ," ಎಂದರು ನಮ್ಮವರು. "ಒಳಗೆ ಕೆಲಸ ನಡೀತಿದೆ. ಯಾವಾಗ ಮುಗಿಯುತ್ತೋ ಆವಾಗ ಮುಗಿಯುತ್ತೆ."

ಹೊರಗೆ ಯಾರೋ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. ನಾನು ನಲ್ಲಿ ತಿರುಗಿಸಿದೆ. ಬಕೆಟ್ ತುಂಬಿತು, ಖಾಲಿಯಾಯಿತು, ಮತ್ತೆ ತುಂಬಿತು. ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ಕುಳಿತೆ.

ಯಾರೂ ಬಾಗಿಲು ತಟ್ಟಲಿಲ್ಲ. ಅವರು ಕೊಟ್ಟ ಮಾತು ನಡೆಯಿತು.